ಅಂಗೈಯ ಮೇಲೆ ಕೂರದವಳು

ಧ್ಯಾನ ಮಾಡಿದರೆ ಮನಸ್ಸು ಶಾಂತವಾಗುತ್ತದೆ ಎನ್ನುವವರು ಬಸವೇಶ್ವರನಗರದ ನಮ್ಮ ಅಡ್ಡರಸ್ತೆಯಲ್ಲಿ ಬೆಳಗ್ಗೆ ಒಮ್ಮೆ ಕೂತು ನೋಡಬೇಕು. ಉಸಿರು ಎಣಿಸತೊಡಗಿದರೆ ಸಾಕು, ಪಕ್ಕದ ಮನೆಯ ಮಿಕ್ಸಿ ಶುರು. ಅದು ನಿಂತರೆ ತರಕಾರಿ ಗಾಡಿಯ ಮೈಕು, ಟೊಮ್ಯಾಟೊ ಈರುಳ್ಳಿ ಎಂದು ಒಂದೇ ರಾಗ. ಉಸಿರು ಮರೆತುಹೋಗಿ, ಮನೆಯಲ್ಲಿ ಈರುಳ್ಳಿ ಇದೆಯೋ ಇಲ್ಲವೋ ಎಂದು ಯೋಚಿಸುತ್ತಾ ಕೂತಿರುತ್ತಿದ್ದೆ.

ನನಗೆ ಶಾಂತಿಯೇನೂ ಬೇಕಿರಲಿಲ್ಲ. ಬೇಕಿದ್ದದ್ದು ಮಾತಿಗೊಬ್ಬಳು. ಅಕ್ಕ ಇದ್ದಷ್ಟು ದಿನ, ಸಂಜೆ ಆಫೀಸು ಮುಗಿಸಿ ವಿಜಯನಗರದಲ್ಲಿ ಮೆಟ್ರೋ ಇಳಿದ ಕೂಡಲೇ ಅವಳಿಗೆ ಫೋನ್ ಮಾಡುತ್ತಿದ್ದೆ. ಮನೆ ತಲುಪುವವರೆಗೂ ಮಾತು. ಕಳೆದ ವರ್ಷ ಅವಳು ತೀರಿಕೊಂಡಳು. ಮನೆಯಲ್ಲಿ ಇದ್ದದ್ದು ನಾನು, ಅಮ್ಮ ಇಬ್ಬರೇ. ಊಟ ಆಯ್ತಾ, ಮಾತ್ರೆ ತಗೊಂಡ್ಯಾ ಎನ್ನುವುದನ್ನು ಬಿಟ್ಟರೆ ನಮ್ಮ ನಡುವೆ ಮಾತೇ ಇರಲಿಲ್ಲ. ಆಗ ಇಂಟರ್ನೆಟ್ಟಿನಲ್ಲಿ ಟುಲ್ಪಾ ಎಂಬುದು ಕಣ್ಣಿಗೆ ಬಿತ್ತು. ಮನಸ್ಸಿನೊಳಗೇ ಒಬ್ಬರನ್ನು ಕಟ್ಟಿ, ದಿನವೂ ಮಾತಾಡಿಸುತ್ತಾ ಹೋದರೆ ಒಂದು ದಿನ ಅವರು ತಾವಾಗಿಯೇ ಉತ್ತರ ಕೊಡುತ್ತಾರಂತೆ. ಸತ್ತವರನ್ನು ಕಟ್ಟಬಾರದು, ಹೊಸಬರನ್ನೇ ಕಟ್ಟಬೇಕು, ಅದಕ್ಕೂ ಮೊದಲು ಧ್ಯಾನ ಮಾಡಿ ಏಕಾಗ್ರತೆ ತಂದುಕೊಳ್ಳಬೇಕು ಎಂದು ಬರೆದಿದ್ದರು.

ಏಕಾಗ್ರತೆಯನ್ನು ಎಲ್ಲಿಂದ ತರಲಿ? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವ ಹಾಗೆ, ನಾನು ಕಟ್ಟಹೊರಟ ಹೊಸಬಳ ಕಣ್ಣು ಮೂಡಿಸಲು ಹೋದರೆ ಮನಸ್ಸು ಮ್ಯಾನೇಜರನ ಮೀಸೆ ಮೂಡಿಸುತ್ತಿತ್ತು. ಸಿಟ್ಟಿಗೆ ಅಳುವೇ ಬರುತ್ತಿತ್ತು. ಕೊನೆಗೆ, ಚಿಕ್ಕವಳಿದ್ದಾಗ ಲಿಂಗದೀಕ್ಷೆಯಾದ ಮೇಲೆ ಕಲಿಸಿದ್ದು ನೆನಪಾಯಿತು. ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟು, ಎದೆಯ ಮಟ್ಟಕ್ಕೆ ಎತ್ತಿ, ರೆಪ್ಪೆ ಬಡಿಯದೆ ನೋಡುವುದು. ಲಿಂಗ ಕಟ್ಟಿಕೊಳ್ಳುವುದನ್ನು ನಾನು ಕಾಲೇಜಿನಲ್ಲೇ ಬಿಟ್ಟಿದ್ದೆ, ಆದರೆ ಕೈ ಮರೆತಿರಲಿಲ್ಲ. ಬರಿಯ ಅಂಗೈ ಎತ್ತಿ ನೋಡುತ್ತಾ ಕೂತರೆ, ಮಿಕ್ಸಿ ಕೇಳಿಸಿದರೂ ಕಣ್ಣು ಕದಲುತ್ತಿರಲಿಲ್ಲ. ಅಂಗೈಯ ಮೇಲೆಯೇ ಅವಳನ್ನು ಪುಟ್ಟದಾಗಿ ಕೂರಿಸತೊಡಗಿದೆ. ಹತ್ತಿ ಸೀರೆ, ಗಾಜಿನ ಬಳೆ, ಓರೆ ಬೈತಲೆ. ಮುಖ ಮಾತ್ರ ಬರಲೊಲ್ಲದು.

ಇದನ್ನೆಲ್ಲ ಅಮ್ಮ ಬಾಗಿಲ ಸಂದಿಯಿಂದ ನೋಡಿದ್ದಾಳೆ. ಮಗಳು ಮತ್ತೆ ಪೂಜೆಗೆ ಕೂತಳು ಎಂದು ಲಗ್ಗೆರೆಯ ಚಿಕ್ಕಮ್ಮನಿಗೆ ಫೋನೂ ಮಾಡಿ ಹೇಳಿದ್ದಾಳೆ. ನನಗೇನು ಗೊತ್ತು. ಒಂದು ಬೆಳಗ್ಗೆ ಅಂತೂ ಗಲ್ಲ ಮೂಡಿ, ತುಟಿ ಮೂಡಿ, ಇನ್ನೇನು ಅವಳು ತಲೆ ಎತ್ತಬೇಕು, ಅಷ್ಟರಲ್ಲಿ ಅಂಗೈ ಮೇಲೆ ತಣ್ಣಗೆ ಏನೋ ಕೂತಿತು. ನೋಡಿದರೆ, ನಾನು ಬಿಟ್ಟಿದ್ದ ನನ್ನದೇ ಲಿಂಗ. ಅಮ್ಮ ಅದನ್ನು ಇಷ್ಟು ವರ್ಷ ತಾನೇ ಪೂಜಿಸಿ ಕಾಪಾಡಿಕೊಂಡು ಬಂದಿದ್ದಳು. ಈಗ ವಿಭೂತಿ, ಬಿಲ್ವಪತ್ರೆ ಹಿಡಿದುಕೊಂಡು ಎದುರಿಗೆ ನಿಂತಿದ್ದಳು.

"ಖಾಲಿ ಕೈ ನೋಡ್ತಾ ಕೂತ್ರೆ ಏನೇ ಬರುತ್ತೆ? ತಗೋ, ನಿಂದೇ ಇದು."

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು.

"ನಾನು ಪೂಜೆ ಮಾಡ್ತಾ ಇಲ್ಲ ಕಣಮ್ಮ," ಎಂದೆ. "ಮಾತಾಡೋಕೆ ಅಂತ ಒಬ್ಬಳನ್ನ ಮಾಡ್ಕೋತಾ ಇದೀನಿ, ಮನಸ್ಸಲ್ಲೇ. ತಿಂಗಳುಗಟ್ಟಲೆ ಒದ್ದಾಡಿದ್ಮೇಲೆ ಇವತ್ತು ತುಟಿ ತನಕ ಬಂದಿದ್ಲು. ಎಲ್ಲಾ ಹಾಳು ಮಾಡಿಬಿಟ್ಟೆ ನೀನು."

ಹುಚ್ಚು ಹಿಡಿದಿದೆ ನಿನಗೆ ಎಂದು ಬೈಯುತ್ತಾಳೆ ಅಂದುಕೊಂಡೆ. ಬೈದಿದ್ದರೆ ಜಗಳವಾಡಿಯಾದರೂ ಹಗುರಾಗಬಹುದಿತ್ತು. ಅವಳು ಲಿಂಗವನ್ನು ನನ್ನ ಅಂಗೈಯಿಂದ ಮೆಲ್ಲಗೆ ಎತ್ತಿ ವಸ್ತ್ರದಲ್ಲಿ ಸುತ್ತಿಕೊಂಡಳು. ಬಾಗಿಲವರೆಗೆ ಹೋಗಿ ನಿಂತಳು.

"ಮತ್ತೆ ಬರ್ತಾಳಾ ಅವಳು?"

"ಗೊತ್ತಿಲ್ಲ."

"ಬಂದ್ರೆ, ನೀನು ಆಫೀಸಿಗೆ ಹೋದ್ಮೇಲೆ ನನ್ನ ಹತ್ರಾನೂ ಒಂದು ಗಳಿಗೆ ಕೂತ್ಕೊಳ್ಳೋಕೆ ಹೇಳು. ಅವಳು ಮಾತಾಡ್ದೆ ಇದ್ರೂ ಪರವಾಗಿಲ್ಲ. ನಾನೇ ಮಾತಾಡ್ತೀನಿ."