ನಮ್ಮೂರಿನ ಬಿಸಿಲಿಗೊಂದು ಗ್ರಾಫಿಕ್ಸ್ ಕಾರ್ಡ್

"ಈ ಬಿಸಿಲಾಗ ಅದು ನಡಿಯಂಗಿಲ್ಲ ಬಿಡು, ಸುಟ್ಟು ಕರಕಲಾಗತೈತಿ" ಎಂದವರು ನಮ್ಮ ಎರ್ರಿಸ್ವಾಮಿ ಚಿಕ್ಕಪ್ಪ. ಸಿರುಗುಪ್ಪದಲ್ಲಿ ಅವರದು ಮೋಟರ್ ವೈಂಡಿಂಗ್ ಅಂಗಡಿ. ಗದ್ದೆಗಳ ಪಂಪ್‌ಸೆಟ್ ಸುಟ್ಟಾಗ ಅದರ ಹೊಟ್ಟೆ ಬಗೆದು, ಕಪ್ಪಾದ ತಾಮ್ರದ ತಂತಿಯನ್ನು ಕಿತ್ತೆಸೆದು, ಹೊಸದನ್ನು ಸುತ್ತಿ ಕೊಡುವುದು ಅವರ ಕೆಲಸ. ನಾನು ಕೊಳ್ಳಬೇಕೆಂದಿದ್ದ ಗ್ರಾಫಿಕ್ಸ್ ಕಾರ್ಡಿನ ಚಿತ್ರವನ್ನು ನನ್ನ ಫೋನಿನಲ್ಲಿ ನೋಡಿದವರೇ, ಆ ಅಂಗಡಿಯ ಬಾಗಿಲಲ್ಲಿ ಕುಳಿತು, ಹೆಣ ನೋಡಿದ ಡಾಕ್ಟರರ ಹಾಗೆ ತೀರ್ಪು ಕೊಟ್ಟುಬಿಟ್ಟರು.

ಡಿಗ್ರಿಗೆ ಸೇರುತ್ತೇನೆಂದಾಗಲೂ ಅವರು "ಆಗಂಗಿಲ್ಲ ಗಂಗಿ" ಎಂದಿದ್ದರು. ಅದರಲ್ಲಿ ಹೊಟ್ಟೆಕಿಚ್ಚಿರಲಿಲ್ಲ. ಯೋಚಿಸಿ ನೋಡಿ, ಅವರ ಅಂಗಡಿಗೆ ಬರುವುದೆಲ್ಲ ಸುಟ್ಟ ಮೋಟರುಗಳೇ. ಚೆನ್ನಾಗಿ ತಿರುಗುತ್ತಿರುವ ಮೋಟರನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಬಂದು, "ನೋಡ್ರಿ ಸ್ವಾಮಿ, ಎಷ್ಟು ಚಂದ ತಿರುಗತೈತಿ" ಎಂದು ಯಾವ ರೈತನೂ ತೋರಿಸುವುದಿಲ್ಲ. ಜೀವಮಾನವಿಡೀ ಸುಟ್ಟದ್ದನ್ನೇ ನೋಡುತ್ತ ಬಂದ ಮನುಷ್ಯನಿಗೆ, ಲೋಕದಲ್ಲಿ ಎಲ್ಲವೂ ಇಂದಲ್ಲ ನಾಳೆ ಸುಡುವಂಥದ್ದೇ ಎಂದು ಅನ್ನಿಸಿದರೆ ಅದು ಅವರ ತಪ್ಪೇ?

ಗ್ರಾಫಿಕ್ಸ್ ಕಾರ್ಡನ್ನು ತಿಳಿಯದವರಿಗೆ ಒಂದು ಮಾತು. ಅದು ಕಂಪ್ಯೂಟರಿನೊಳಗೆ ಕುಳಿತಿರುವ ಚಿತ್ರಗಾರ. ಆಟದೊಳಗೆ ನೀವು ಕತ್ತು ತಿರುಗಿಸಿದರೆ ಸಾಕು, ಎಡಗಡೆಯ ಮರ, ಮರದ ನೆರಳು, ನೆರಳಿನೊಳಗಿನ ಹುಲ್ಲು, ಹುಲ್ಲಿನ ಮೇಲಿನ ಇಬ್ಬನಿ, ಎಲ್ಲವನ್ನೂ ನಿಮ್ಮ ರೆಪ್ಪೆ ಮುಚ್ಚಿ ತೆರೆಯುವುದರೊಳಗೆ ಹೊಸದಾಗಿ ಬರೆದು ಮುಗಿಸಿರುತ್ತಾನೆ. ದೊಡ್ಡ ಚಿತ್ರಗಾರನಿಗೆ ದೊಡ್ಡ ಹಸಿವು, ದೊಡ್ಡ ಬಿಸಿ. ಬೆಲೆಯೂ ದೊಡ್ಡದೇ, ಅದನ್ನು ಇಲ್ಲಿ ಬರೆಯುವುದಿಲ್ಲ, ನೆಂಟರು ಓದುತ್ತಾರೆ.

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಯಾರೂ ಅದನ್ನು ನನಗೆ ತಟ್ಟೆಯಲ್ಲಿಟ್ಟು ಕೊಟ್ಟಿಲ್ಲ. ಕುರುಗೋಡಿನ ಸೋದರತ್ತೆಯ ಮನೆಯಲ್ಲಿದ್ದು ಪಿಯುಸಿ ಓದುವಾಗ, ಬೆಳಗಿನ ಹೊತ್ತು ಮೆಣಸಿನಕಾಯಿ ಬಿಡಿಸಲು ಹೋಗಿ, ಉರಿಯುವ ಬೆರಳುಗಳಲ್ಲೇ ಪೆನ್ನು ಹಿಡಿದು ಲೆಕ್ಕ ಮಾಡಿದವಳು. ಈಗ ಬಳ್ಳಾರಿಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಅದೇ ಲೆಕ್ಕ ಕಲಿಸುತ್ತೇನೆ. ಆದರೆ ಆಟ? ಓರಗೆಯವರು ಕುಂಟೆಬಿಲ್ಲೆ ಆಡುವ ಹೊತ್ತಿನಲ್ಲಿ ನಾನು ಓದುತ್ತಿದ್ದೆ, ಇಲ್ಲವೇ ದುಡಿಯುತ್ತಿದ್ದೆ. ನಮ್ಮಂಥವರ ಮನೆಗೆ ಬರುವ ವಸ್ತುವೆಲ್ಲ ಬಾಗಿಲಲ್ಲೇ ನಿಂತು ತನ್ನ ಉಪಯೋಗವೇನೆಂದು ಹೇಳಿ ಒಳಗೆ ಬರಬೇಕು: ಹೊಲಿಗೆ ಯಂತ್ರ ಹೇಳಿತು, ಮಿಕ್ಸಿ ಹೇಳಿತು, ಶಾಲೆಯ ಕೆಲಸಕ್ಕೆಂದು ಕೊಂಡ ಹಳೆಯ ಲ್ಯಾಪ್‌ಟಾಪೂ ಹೇಳಿತು. ಬರೀ ಆಡಲಿಕ್ಕೆಂದೇ, ಇನ್ನಾವ ನೆಪವೂ ಇಲ್ಲದೆ ಒಂದು ವಸ್ತು ನಮ್ಮ ಹೊಸಿಲು ದಾಟುವುದನ್ನು ನಾನು ನೋಡಬೇಕಿತ್ತು. ಅದೇ ಸುಟ್ಟುಹೋದರೆ, ಇಂಥ ಆಸೆಗೆ ಎರಡನೆಯ ಸಲ ಕೈಹಾಕುವ ಧೈರ್ಯ ನನಗೆ ಬರುವುದಿಲ್ಲವೆಂದು ನನಗೇ ಗೊತ್ತಿತ್ತು.

ಹಾಗಾಗಿ ಚಿಕ್ಕಪ್ಪನ ಮಾತು ಎದೆಯಲ್ಲಿ ಮುಳ್ಳಿನಂತೆ ಉಳಿಯಿತು. ಯೂಟ್ಯೂಬಿನಲ್ಲಿ ಕಾರ್ಡುಗಳನ್ನು ಪರೀಕ್ಷಿಸುವ ಪಂಡಿತರನ್ನೆಲ್ಲ ಮತ್ತೊಮ್ಮೆ ನೋಡಿದೆ. ಈ ಸಲ ನನ್ನ ಕಣ್ಣು ಹೋದದ್ದು ಅವರ ಮೈಮೇಲಿನ ಸ್ವೆಟರಿನ ಕಡೆಗೆ. ಸ್ವೆಟರು ಹಾಕಿಕೊಂಡು ಕುಳಿತವರು ಹೇಳುವ ತಂಪಿನ ಲೆಕ್ಕ, ಏಪ್ರಿಲ್ ತಿಂಗಳ ಬಳ್ಳಾರಿಯಲ್ಲಿ, ಸಂಜೆಯಾದರೂ ಗೋಡೆ ಮುಟ್ಟಿದರೆ ಕೈ ಚುರುಗುಟ್ಟುವ ನನ್ನ ಮಹಡಿಯ ಕೋಣೆಗೆ ಹೇಗೆ ಹೊಂದೀತು? ನಮ್ಮೂರಿಗೆ ನಮ್ಮದೇ ಲೆಕ್ಕ ಬೇಕು ಎಂದುಕೊಂಡು ಹಿಂದೆ ಲ್ಯಾಪ್‌ಟಾಪ್ ಕೊಂಡಿದ್ದ, ಇಲ್ಲಿನ ಗಾಂಧಿನಗರದ ಕಂಪ್ಯೂಟರ್ ಅಂಗಡಿಯ ಮೆಟ್ಟಿಲು ಹತ್ತಿ, ದೊಡ್ಡ ಗ್ರಾಫಿಕ್ಸ್ ಕಾರ್ಡುಗಳನ್ನು ತೋರಿಸಲು ಕೇಳಿದೆ.

"ತಮ್ಮಗ ಏನ್ರಿ ಮೇಡಂ?" ಎಂದರು ಅಂಗಡಿಯ ಯಜಮಾನರು.

"ಇಲ್ರಿ, ನನಗ."

ಅವರು ಕನ್ನಡಕ ಸರಿಮಾಡಿಕೊಂಡರು. "ಸಾಲಿ ಕೆಲಸಕ್ಕ ಇಷ್ಟು ದೊಡ್ಡದು ಬೇಕಾಗಂಗಿಲ್ರಿ."

"ಸಾಲಿ ಕೆಲಸ ಸಾಲ್ಯಾಗ ಮಾಡ್ತೀನ್ರಿ. ಇದು ಆಡಾಕ."

ಅಲ್ಲಿಂದ ಮುಂದೆ ನಮ್ಮಿಬ್ಬರಿಗೂ ಹಬ್ಬ. ಪೆಟ್ಟಿಗೆಗಳು ಒಂದೊಂದಾಗಿ ಕೆಳಗಿಳಿದವು. ಮೊದಲು ಬಂದದ್ದು ಎಲ್ಲಕ್ಕಿಂತ ಮೇಲಿನ ಕಾರ್ಡು. ಆದರೆ ಅದು ತಿನ್ನುವ ಕರೆಂಟು ಹೆಚ್ಚು, ಕಾರುವ ಬಿಸಿಯೂ ಹೆಚ್ಚು. ಅದನ್ನಿಟ್ಟುಕೊಂಡರೆ ಕೋಣೆಯಲ್ಲಿ ಒಲೆ ಹೊತ್ತಿಸಿ ಅದರ ಮುಂದೆ ಆಡಲು ಕುಳಿತಂತೆ. ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನದು ಎರಡು ಬಗೆಯಲ್ಲಿ ಸಿಗುತ್ತಿತ್ತು. ಒಂದು ತೆಳ್ಳಗೆ, ನಾಜೂಕಾಗಿ, ಎರಡು ಫ್ಯಾನಿನದು. ಇನ್ನೊಂದಕ್ಕೆ ಮೂರು ಫ್ಯಾನು, ಇಟ್ಟಿಗೆಯಷ್ಟು ದಪ್ಪ, ಮೈತುಂಬ ಬಿಸಿ ಹೀರುವ ಲೋಹದ ಹಲ್ಲುಗಳು, ಎತ್ತಲು ಎರಡು ಕೈ ಬೇಕು.

"ಇದು ನೋಡಾಕ ಚಂದ ಇಲ್ಲ ಬಿಡ್ರಿ, ಎಮ್ಮಿ ಇದ್ದಂಗ ಐತಿ" ಎಂದರು ಯಜಮಾನರು.

"ಈ ಊರಾಗ ಎಮ್ಮೀನ ಬಾಳತೈತ್ರಿ" ಎಂದೆ. ಇಬ್ಬರೂ ನಕ್ಕೆವು.

ಅಂಥದ್ದೇ ಕಾರ್ಡೊಂದನ್ನು ಅವರು ತಮ್ಮ ಕಂಪ್ಯೂಟರಿಗೆ ಹಾಕಿಟ್ಟಿದ್ದರು. ಆಟ ಹಚ್ಚಿ ತೋರಿಸಿದರು. ಬಂದವರೆಲ್ಲ ಆಟದೊಳಗಿನ ವೀರನ ಮುಖವನ್ನೋ ಕತ್ತಿಯ ಹೊಳಪನ್ನೋ ನೋಡುತ್ತಾರಂತೆ. ನಾನು ಬಂಡೆಗಳನ್ನು ನೋಡಿದೆ. ಕುರುಗೋಡಿನ ಗುಡ್ಡಗಳ ಕೆಳಗೆ ಓಡಾಡಿದವಳಿಗೆ ಬಂಡೆಯ ವಿಷಯದಲ್ಲಿ ಸುಳ್ಳು ಹೇಳಲಾಗುವುದಿಲ್ಲ. ಇಳಿಬಿಸಿಲು ಕಲ್ಲಿನ ಮೇಲೆ ಮೊದಲು ಕೆಂಪಾಗಿ, ಆಮೇಲೆ ಬೂದುಬೂದಾಗಿ ಜಾರಬೇಕು, ಬಿರುಕಿನೊಳಗೆ ಬೆಳಕು ಆರುವ ಮುಂಚೆಯೇ ಕತ್ತಲು ಬಂದು ಕೂರಬೇಕು. ಆ ಪರದೆಯ ಮೇಲಿನ ಬಂಡೆ ಹಾಗೆಯೇ ಮಾಡಿತು. "ಇದನ್ನ ಕಟ್ರಿ" ಎಂದೆ. ಯಜಮಾನರು ಪೆಟ್ಟಿಗೆಯನ್ನು ಕೂಸನ್ನು ಕೊಡುವ ಹಾಗೆ ಎರಡೂ ಕೈಯಲ್ಲಿ ಕೊಟ್ಟರು.

ಆ ಕಾರ್ಡಿಗೆಂದೇ ಜೋಡಿಸಿದ ಹೊಸ ಕಂಪ್ಯೂಟರ್ ಸಿದ್ಧವಾದ ಮೇಲೆ, ಏಪ್ರಿಲ್ಲಿನ ಒಂದು ಭಾನುವಾರ, ಬೀದಿಯ ನಾಯಿಗಳೂ ನೆರಳು ಬಿಟ್ಟು ಏಳದ ಮಟಮಟ ಮಧ್ಯಾಹ್ನದಲ್ಲಿ, ತಂತಿ ಒಯ್ಯಲು ಬಳ್ಳಾರಿಗೆ ಬಂದಿದ್ದ ಚಿಕ್ಕಪ್ಪ ಮೆಟ್ಟಿಲು ಹತ್ತಿ ಬಂದರು. ನೀರು ಕುಡಿದು, ಟವೆಲಿನಿಂದ ಮುಖ ಒರೆಸಿಕೊಂಡು, "ಹಚ್ಚು ನೋಡೂಣು" ಎಂದರು. ಈ ಹೊತ್ತನ್ನು ನಾನೇ ಇಷ್ಟು ದಿನ ಮುಂದೂಡುತ್ತ ಬಂದಿದ್ದೆ. ನಡುಹಗಲಲ್ಲಿ ಆಟ ಹಚ್ಚಲು ಧೈರ್ಯವಿರಲಿಲ್ಲ. ಆದರೆ ಈಗ ಹಿಂದೆ ಸರಿಯುವುದು ಹೇಗೆ? ಚಿತ್ರಗಾರನಿಗೆ ಅತಿ ಹೆಚ್ಚು ದುಡಿಮೆ ಕೊಡುವ ಹಿಮದ ಬೆಟ್ಟವನ್ನೇ ಆರಿಸಿ ಹಚ್ಚಿದೆ. ಫ್ಯಾನುಗಳು ಮೆಲ್ಲಗೆ ಗುಂಯ್‌ಗುಟ್ಟತೊಡಗಿದವು. ಪರದೆಯ ಮೇಲೆ ಹಿಮ ಬೀಳತೊಡಗಿತು.

ಚಿಕ್ಕಪ್ಪ ಪರದೆಯನ್ನು ನೋಡಲೇ ಇಲ್ಲ. ಮೋಟರಿನ ಮೈ ನೋಡುವವರಂತೆ ಕಂಪ್ಯೂಟರಿನ ಹಿಂಬದಿಗೆ ಅಂಗೈ ಒಡ್ಡಿ ಕುಳಿತರು. ಸ್ವಲ್ಪ ಹೊತ್ತಿಗೆ ಕೈ ಹಿಂದಕ್ಕೆಳೆದುಕೊಂಡು, "ಬಂದ್ ಮಾಡಲೇ ಗಂಗಿ, ಬೆಂಕಿ ಉಗುಳಾಕ ಹತ್ತೈತಿ" ಎಂದರು.

"ಉಗುಳಲಿ ಚಿಕ್ಕಪ್ಪ. ಹೊರಗ ಉಗುಳಿದ್ರನ ಒಳಗ ತಂಪು ಇರತೈತಿ. ಇಲ್ಲಿ ನೋಡ್ರಿ" ಎಂದು ಪರದೆಯ ಮೂಲೆಯಲ್ಲಿ ಕಾರ್ಡಿನ ಬಿಸಿ ತೋರಿಸುವ ಅಂಕಿಯ ಕಡೆ ಬೆರಳು ಮಾಡಿದೆ. ಅದು ಏರುತ್ತಿತ್ತು. ಲೆಕ್ಕದ ಟೀಚರಾಗಿ ಎಷ್ಟೋ ಅಂಕಿಗಳನ್ನು ನೋಡಿದ್ದೇನೆ, ಯಾವುದನ್ನೂ ಹೀಗೆ ಉಸಿರು ಬಿಗಿಹಿಡಿದು ನೋಡಿರಲಿಲ್ಲ. ಏರಿತು, ಇನ್ನಷ್ಟು ಏರಿತು, ಆಮೇಲೆ ಅಪಾಯದ ಮಟ್ಟಕ್ಕಿಂತ ಕೆಳಗೇ ಏರುವುದನ್ನು ನಿಲ್ಲಿಸಿತು. ಚಹಾ ಮಾಡಿ ತಂದೆ, ಅಲ್ಲೇ ಇತ್ತು. ಲೋಟ ಖಾಲಿಯಾಯಿತು, ಅಲ್ಲೇ ಇತ್ತು. ಹೊರಗೆ ಬಳ್ಳಾರಿ ಕಾದ ಹಂಚಿನಂತಿದ್ದರೂ ಒಳಗೆ ಹಿಮ ಎಡೆಬಿಡದೆ ಬೀಳುತ್ತಲೇ ಇತ್ತು, ಒಂದು ಹರಳೂ ತಡವರಿಸಲಿಲ್ಲ.

ಆಗ ಚಿಕ್ಕಪ್ಪ ಮೊದಲ ಸಲ ಪರದೆಯ ಕಡೆ ತಿರುಗಿದರು. "ಎಲ್ಲಿ, ನನಗ ಕೊಡು" ಎಂದು ಆಟ ಆಡಿಸುವ ಗುಂಡಿಗಳ ಕಂಟ್ರೋಲರ್ ಇಸಿದುಕೊಂಡು, ತಾಮ್ರದ ತಂತಿ ಸುತ್ತಿ ಗಟ್ಟಿಯಾದ ಹೆಬ್ಬೆರಳಿನಿಂದ ಮೆಲ್ಲನೆ ಒತ್ತಿದರು. ವೀರ ಹಿಮದಲ್ಲಿ ಹೆಜ್ಜೆ ಹಾಕಿದ, ಬಂಡೆಗೆ ಡಿಕ್ಕಿ ಹೊಡೆದ, ತಿರುಗಿ ಮತ್ತೆ ನಡೆದ. "ಏನ್ ಥಂಡಿ ಐತಲೇ ಅಲ್ಲಿ, ಇವನೌನ ಒಂದು ಕಂಬಳಿನೂ ಇಲ್ಲ" ಎಂದು ತಮ್ಮಷ್ಟಕ್ಕೆ ನಗುತ್ತ, ಬಸ್ಸಿನ ಹೊತ್ತು ಮೀರುವವರೆಗೂ ಆಡಿದರು.

ಹೊರಡುವಾಗ ಬಾಗಿಲಲ್ಲಿ ನಿಂತು, "ಇದಕ್ಕ ಗ್ಯಾರಂಟಿ ಪತ್ರ ಏನರ ಕೊಟ್ಟಾರೇನು?" ಎಂದು ಕೇಳಿದರು. ತಂದು ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿ, ನಾಲ್ಕು ಮಡಿಕೆ ಮಾಡಿ, ಅಂಗಿಯ ಜೇಬಿಗಿಟ್ಟುಕೊಂಡರು.

"ಇದು ನನ್ನ ಕಡಿ ಇರಲಿ. ಸುಟ್ಟರ ಆ ಅಂಗಡ್ಯಾವನ ಕೂಡ ನಾ ಜಗಳಾಡ್ತೀನಿ. ನೀ ಆಡವ್ವ."