ಸಾಗರನಿಗೆ ಕೊಟ್ಟ ಗುಳಿಗೆ

ಕಾಕೂ, ಸಾಗರನಿಗೆ ಆ ಗುಳಿಗೆಗಳನ್ನು ಕೊಟ್ಟವನು ನಾನು. ದವಾಖಾನೆಯಲ್ಲಿ ಡಾಕ್ಟರು ಕೇಳಿದಾಗ ಸುಳ್ಳು ಹೇಳಿದವನೂ ನಾನೇ.

ನಿನ್ನ ಮಗ ಬದುಕಿದನಲ್ಲ — ಅಷ್ಟನ್ನೇ ಹಿಡಿದುಕೊಂಡು ಎರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. ಇನ್ನು ಆಗುವುದಿಲ್ಲ. ನಿಪ್ಪಾಣಿ ಬಸ್ ಸ್ಟ್ಯಾಂಡಿನಲ್ಲಿ ಕೂತು ಮೊಬೈಲಿನಲ್ಲಿ ಇದನ್ನು ಬರೆಯುತ್ತಿದ್ದೇನೆ. ಇದನ್ನು ಕಳಿಸಿದ ಮೇಲೆಯೇ ಫೋನ್ ಮಾಡುತ್ತೇನೆ. ಮೊದಲೇ ಮಾಡಿದರೆ, "ಆರಾಮ ಅದೀಯೇನೋ ಮಾದೇವಾ?" ಎಂದು ನೀನು ಕೇಳಿದರೆ — ನನಗೆ ಗೊತ್ತು, ಮತ್ತೆ ಏನೋ ಒಂದು ಹೇಳಿ ತಪ್ಪಿಸಿಕೊಳ್ಳುತ್ತೇನೆ.

ನಾನು ಮೈ ಇಳಿಸಿದ್ದು ನಿನಗೆ ನೆನಪಿರಬೇಕು. ಜಿಮ್ಮಿನ ಕನ್ನಡಿಯ ಮುಂದೆ ಅಂಗಿ ತೆಗೆದು ನಿಂತು ರೀಲ್ ಮಾಡಿ ಹಾಕಿದ್ದೆ — ಹಳೆಯ ಫೋಟೋ ಒಂದು ಕಡೆ, ಹೊಸದು ಇನ್ನೊಂದು ಕಡೆ. ಬರೀ ಜೋಳದ ರೊಟ್ಟಿ, ಲಿಂಬು ನೀರು, ಬೆಳಗಿನ ಓಟ ಎಂದು ಹೇಳಿದ್ದೆ. ಸುಳ್ಳು. ಜಿಮ್ಮಿಗೆ ಬರುವವನೊಬ್ಬ ಕಾಗದದಲ್ಲಿ ಸುತ್ತಿ ಕೊಡುತ್ತಿದ್ದ ಮೈ ಇಳಿಸುವ ಗುಳಿಗೆ ನುಂಗಿದ್ದೆ. ಹೊಟ್ಟೆಯ ಗೆರೆಗಳನ್ನು ಆ್ಯಪಿನಲ್ಲಿ ತಿದ್ದಿದ್ದೆ. ಲೈಕು ಬಂದಷ್ಟೂ ಎದೆ ಉಬ್ಬುತ್ತಿತ್ತು. ಮಲಗಿದರೆ ಅದೇ ಎದೆ ಸುಮ್ಮಸುಮ್ಮನೆ ಹೊಡೆದುಕೊಳ್ಳುತ್ತಿತ್ತು — ಅದನ್ನು ಯಾವ ರೀಲಿನಲ್ಲೂ ಹೇಳಲಿಲ್ಲ.

ಕಾಕಾನ ಮಗನಾದರೂ ನನಗೆ ಸ್ವಂತ ತಮ್ಮನಂತಿದ್ದ ಸಾಗರ ಆಗ ಹತ್ತನೆಯ ತರಗತಿ. ಕ್ಲಾಸಿನ ಹುಡುಗರು ಅವನು ಓಡುವುದನ್ನು ಹಿಂದಿನಿಂದ ವಿಡಿಯೋ ಮಾಡಿ, ಎಮ್ಮೆ ಕೂಗುವ ಸದ್ದು ಜೋಡಿಸಿ ಗ್ರೂಪಿಗೆ ಹಾಕಿದ್ದರು. ನಿನಗೆ ಅದು ಗೊತ್ತೇ ಇಲ್ಲ, ಕಾಕೂ. ನನಗೊಬ್ಬನಿಗೇ ತೋರಿಸಿದ್ದ. ತೋರಿಸುವಾಗ ತಾನೂ ನಕ್ಕ — ಆ ನಗು ನೋಡಿಯಾದರೂ ನನಗೆ ತಿಳಿಯಬೇಕಿತ್ತು.

ನನ್ನ ರೀಲಿನಲ್ಲಿದ್ದಂತೆಯೇ ಮಾಡತೊಡಗಿದ. ನೀನು ಕಟ್ಟಿಕೊಟ್ಟ ಡಬ್ಬಿಯನ್ನು ನಾಯಿಗೆ ಸುರಿದು ಬರುತ್ತಿದ್ದ. ಆದರೂ ನನ್ನ ಹೊಟ್ಟೆಯ ಹಾಗೆ ಆಗಲಿಲ್ಲ — ಹೇಗಾದೀತು? ನನ್ನದೇ ಹಾಗಿರಲಿಲ್ಲ. ಒಂದು ದಿನ ಸದಲಗಾದ ಮನೆಯಿಂದ ನಿಪ್ಪಾಣಿಯ ನನ್ನ ರೂಮಿಗೆ ಬಂದು ಕೂತು ಅತ್ತ.

"ಅಣ್ಣಾ, ನೀ ಹೇಳಿದ್ದೆಲ್ಲಾ ಮಾಡೇನಿ. ನನಗಷ್ಟ ಯಾಕ ಆಗವಲ್ದು? ನನ್ನ ಮೈಯಾಗ ಏನ ಐಬು ಐತಿ?"

ಒಂದೇ ಮಾತು ಸಾಕಿತ್ತು — ಅದು ಸುಳ್ಳೋ ತಮ್ಮಾ, ತಿದ್ದಿದ ಫೋಟೋ. ಬಾಯಿಗೆ ಬಂದಿತ್ತು. ಆದರೆ ಅವನು ನನ್ನನ್ನು ನೋಡುತ್ತಿದ್ದ ರೀತಿ... ಅದನ್ನು ಕಳೆದುಕೊಳ್ಳಲು ಹೆದರಿದೆ. ಉಳಿದಿದ್ದ ಗುಳಿಗೆಗಳನ್ನು ತಂದು ಅವನ ಕೈಗಿಟ್ಟೆ. "ಯಾರಿಗೂ ಹೇಳಬ್ಯಾಡ" ಎಂದೆ.

ಮುಂದಿನದು ನಿನಗೆ ಗೊತ್ತು. ಹಾಲು ಹಿಂಡುತ್ತಿದ್ದವನು ಬಕೆಟ್ ಸಮೇತ ಉರುಳಿದ್ದು, ಕಾಕಾ ಹಾಲಿನ ಗಾಡಿಯಲ್ಲೇ ಚಿಕ್ಕೋಡಿಯ ದವಾಖಾನೆಗೆ ಒಯ್ದದ್ದು. ನಾನು ಬರುವಷ್ಟರಲ್ಲಿ ಅವನ ಎದೆಗೆ ವಾಯರು ಅಂಟಿಸಿದ್ದರು. ಡಾಕ್ಟರು ಹೊರಗೆ ಬಂದರು.

"ಹುಡುಗ ಏನರ ಗುಳಿಗಿ, ಪಾವಡರ್ ತಗೊಂಡಾನೇನ್ರಿ? ಗೊತ್ತಿದ್ರ ಈಗ ಹೇಳ್ರಿ. ಆಮ್ಯಾಲ ಹೇಳಿದ್ರ ಉಪಯೋಗಿಲ್ಲ."

ನೀನು ನನ್ನ ಮುಖ ನೋಡಿದೆ. "ಇವಗ ಗೊತ್ತಿರತೈತ್ರಿ. ಇವನ ಜೋಡಿ ಎಲ್ಲಾ ಮಾತಾಡ್ತಾನ."

"ಇಲ್ರಿ ಸರ್," ಎಂದೆ. "ಅಂಥಾದ್ದೇನೂ ಇಲ್ರಿ."

ಪೊಲೀಸರು ಹಿಡಿದುಕೊಂಡು ಹೋದಂತೆ ಕಣ್ಣಿಗೆ ಕಟ್ಟಿತು. ಕಾಕಾನ ಸಿಟ್ಟು ನೆನಪಾಯಿತು. ಮತ್ತೆ — ಹೇಳಲು ನಾಚಿಕೆಯಾಗುತ್ತದೆ — ತಮ್ಮ ಸಾಯುತ್ತಾನೋ ಏನೋ ಎಂಬ ಹೊತ್ತಿನಲ್ಲಿ, ಜನ ನನ್ನ ರೀಲಿನ ಕೆಳಗೆ ಏನು ಬರೆದಾರೋ ಎಂದೂ ಹೆದರಿದೆ.

ಎಚ್ಚರವಾದ ಮೇಲೆ ಅವನನ್ನೂ ಕೇಳಿದರು. ನನ್ನತ್ತ ನೋಡಿ, "ಏನೂ ತಗೊಂಡಿಲ್ರಿ" ಎಂದ. ನನ್ನನ್ನು ಉಳಿಸಿದ. ಉಪವಾಸದಿಂದ ಹೀಗಾಯಿತೆಂದು ಎಲ್ಲರೂ ನಂಬಿದರು. ಮಗ ಉಣ್ಣುವುದಿಲ್ಲವೆಂಬುದು ತಾಯಿಗೆ ತಿಳಿಯಬೇಡವೇ ಎಂದು ಕಾಕಾ ನಿನ್ನನ್ನೇ ಬೈದರು. ನೀನು ತಲೆ ತಗ್ಗಿಸಿ ಕೇಳಿಸಿಕೊಂಡೆ. ನಾನು ಪಕ್ಕದಲ್ಲೇ ನಿಂತಿದ್ದೆ, ಕಾಕೂ.

ಇವತ್ತೇ ಯಾಕೆ ಹೇಳುತ್ತಿದ್ದೇನೆ ಎಂದರೆ — ಬೆಳಿಗ್ಗೆ ಅವನು ಫೋನ್ ಮಾಡಿದ್ದ. ತನ್ನ ಅಕ್ಕನ ಮದುವೆಯ ಮಾತೆತ್ತಿದ. ಎಲ್ಲರೂ ವಿಡಿಯೋ ಮಾಡುತ್ತಾರೆ, ಸ್ಟೇಟಸ್ ಇಡುತ್ತಾರೆ ಎಂದ. ಆಮೇಲೆ ದನಿ ತಗ್ಗಿಸಿ, "ಅಣ್ಣಾ, ಆ ಗುಳಿಗಿ ಇನ್ನೂ ಸಿಗತಾವೇನ?"

ಆಗ ಹೇಳಿದೆ — ರೀಲು, ತಿದ್ದಿದ ಫೋಟೋ, ಎದೆ ಹೊಡೆದುಕೊಂಡದ್ದು, ಎಲ್ಲ.

"ಇರ್ಲಿ ಬಿಡಣ್ಣಾ. ಫೋನಿನ್ಯಾಗ ಬ್ಯಾರೆ ಗುಳಿಗಿ ತೋರಸಾಕತ್ತಾರ. ಆರ್ಡರ್ ಹಾಕೇನಿ."

ಕಟ್ ಮಾಡಿದ. ಆಮೇಲೆ ಎತ್ತುತ್ತಲೇ ಇಲ್ಲ.

ಪಾರ್ಸೆಲ್ ಬಂದಿದೆಯೋ ಇಲ್ಲವೋ ಗೊತ್ತಿಲ್ಲ. ಅದರಲ್ಲಿ ಏನಿದೆಯೋ ಅದೂ ಗೊತ್ತಿಲ್ಲ. ಕ್ಷಮಿಸು ಎಂದು ಕೇಳಲು ಇದು ಹೊತ್ತಲ್ಲ. ಕಾಕಾ ಹೊಡೆದರೆ ಹೊಡೆಯಲಿ, ಡಾಕ್ಟರ ಮುಂದೆ ನಿಂತು ನಾನೇ ಹೇಳುತ್ತೇನೆ — ಅದೆಲ್ಲ ಆಮೇಲೆ. ಸದಲಗಾ ಬಸ್ಸು ಬಂತು, ಹತ್ತುತ್ತಿದ್ದೇನೆ. ಅವನನ್ನು ಬೈಯಬೇಡ ಕಾಕೂ, ಹತ್ತಿರ ಕೂಡಿಸಿಕೋ. ಪಾರ್ಸೆಲ್ ಬಂದರೆ ನೀನೇ ತೆಗೆದಿಟ್ಟುಕೋ; ನಾನು ಬರುವವರೆಗೆ ಅವನಿಗೆ ಕೋಣೆಯ ಚಿಲಕ ಹಾಕಿಕೊಳ್ಳಲು ಬಿಡಬೇಡ.