ಈರುಳ್ಳಿ ಗಾಡಿ ಸಾರಿದ ಗ್ರಾಮಸಭೆ

ಶಿರಾ ಕಡೆಯ ನಮ್ಮೂರಿನಲ್ಲಿ ಗೆಳೆಯ ಹಿದಾಯತುಲ್ಲಾ ಆಟೋಗೆ ಮೈಕು ಕಟ್ಟಿ ಈರುಳ್ಳಿ ಮಾರುತ್ತಿದ್ದ. ಪಂಚಾಯ್ತಿಯವರು ಊರಿಗೆ ಸಾರದೆ, ಬಾಗಿಲು ಹಾಕಿಕೊಂಡು ಗ್ರಾಮಸಭೆ ಮುಗಿಸಿ, ಆಮೇಲೆ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಳ್ಳುತ್ತಿದ್ದರು. ಮನೆ ಯಾರಿಗೆಂದು ಆ ಸಭೆಯಲ್ಲೇ ತೀರ್ಮಾನವಾಗುತ್ತಿದ್ದುದರಿಂದ ಗುಡಿಸಲಿನ ಕರಿಬಸಮ್ಮನಿಗೆ ಸರ್ಕಾರಿ ಮನೆ ಸಿಕ್ಕೇ ಇರಲಿಲ್ಲ. ಸಭೆ ಸಾರುತ್ತಿಲ್ಲವೆಂದು ಹಿದಾಯತುಲ್ಲಾ ತಾಲ್ಲೂಕು ಕಚೇರಿಗೆ ದೂರು ಕೊಟ್ಟ. ‘ಮೈಕಿನಲ್ಲಿ ಸಾರಿದ್ದೇವೆ’ ಎಂದು ಪಂಚಾಯ್ತಿ ಉತ್ತರ ಬರೆಯಿತು.

ಮುಂದಿನ ಸಭೆಯ ಸುಳಿವು ಸಿಕ್ಕಿದ್ದೇ ಇವನು ಆಟೋದ ಮೈಕು ಹಿಡಿದು ಬೀದಿಗಿಳಿದ. “ಈರುಳ್ಳಿ ಆಮೇಲೆ ಕಣಮ್ಮ, ಮೊದ್ಲು ಗ್ರಾಮಸಭೆಗೆ ನಡೀರಿ!”

ಊರೇ ನುಗ್ಗಿತು. ಪಿಡಿಒ ಸಿಡುಕಿದರು: “ಸಾರೋಕೆ ನಿಂಗ್ಯಾರಯ್ಯ ಹೇಳಿದ್ದು?”

“ಸಾರಿದ್ದೀವಿ ಅಂತ ನೀವೇ ಬರ್ದಿದ್ರಲ್ಲ ಸಾರ್. ಅದ್ನ ನಿಜ ಮಾಡ್ಬುಟ್ಟೆ.”

ಊರವರ ಒತ್ತಾಯಕ್ಕೆ ಕರಿಬಸಮ್ಮನಿಗೆ ಅವತ್ತೇ ಮನೆ ಮಂಜೂರಾಯಿತು.

ಹಿದಾಯತುಲ್ಲಾ ತೀರಿಕೊಂಡು ತಿಂಗಳಾಯಿತು. ಮೊನ್ನೆ ಸಭೆಯ ಹೊತ್ತಿಗೆ ಯಾರದೋ ಈರುಳ್ಳಿ ಗಾಡಿ ಕೂಗಿತು. ಪಿಡಿಒ ಗಡಬಡಿಸಿ ಬಾಗಿಲು ತೆರೆದರು. ಅವನೇ ಬಂದನೆಂದು ನಾನೂ ಬೀದಿಗೆ ಓಡಿದೆ.